ಫಾರಿನ್ ಓದಿಗೆ ಸರ್ಕಾರಿ ಸಾಲ: ಮಂಗಳೂರು–ಉಡುಪಿಯಿಂದ ಹೊರಡುವವರು ಟಿಕೆಟ್‌ಗೆ ಮೊದಲು ಓದಿ

ಊರಿಂದ ಫಾರಿನ್‌ಗೆ ಬಂದಿಳಿದ ಮಕ್ಕಳು ಮೊದಲ ತಿಂಗಳಲ್ಲೇ ಕೇಳುವುದು ಇದನ್ನೇ: ಇಲ್ಲಿನ ಸರ್ಕಾರ ಕೊಡುವ ವಿದ್ಯಾರ್ಥಿ ಸಾಲ ನಮಗೂ ಸಿಗುತ್ತದಾ? ಸ್ಟೂಡೆಂಟ್ ವೀಸಾದವರಿಗೆ ಸಾಮಾನ್ಯವಾಗಿ ಇಲ್ಲ. ಅಮೆರಿಕದ ಫೆಡರಲ್ ಸಾಲ ಅಲ್ಲಿನ ನಾಗರಿಕರಿಗೆ, ಗ್ರೀನ್ ಕಾರ್ಡ್‌ನವರಿಗೆ, ನಿರಾಶ್ರಿತರಂಥ ಕೆಲವರಿಗೆ ಮಾತ್ರ. ಎಫ್-1 (ಅಲ್ಲಿನ ಸ್ಟೂಡೆಂಟ್) ವೀಸಾದವರು ಅರ್ಜಿ ತುಂಬಿದರೆ ಹೊತ್ತು ದಂಡ. ಕೆನಡಾದಲ್ಲಿ ಪಿಆರ್ (ಕಾಯಂ ವಾಸದ ಹಕ್ಕು) ಬೇಕು, ಸ್ಟಡಿ ಪರ್ಮಿಟ್ ಸಾಲದು. ಆಸ್ಟ್ರೇಲಿಯದಲ್ಲಿ ಪಿಆರ್ ಇದ್ದರೂ ಹೆಚ್ಚಿನವರಿಗೆ ಅಲ್ಲಿನ ಸರ್ಕಾರದ ‘ಹೆಲ್ಪ್’ ವಿದ್ಯಾರ್ಥಿ ಸಾಲ ಇಲ್ಲ.

ಇದರ ತಿರುಗಾಮುರುಗಾ ಪ್ರಕರಣವೂ ಉಂಟು. ಅಮೆರಿಕದಲ್ಲಿ ಹುಟ್ಟಿದ ಮಗುವನ್ನು ಓದಲು ಊರಿನ ಕಡೆ ಕಳಿಸುವವರು ಫೆಡರಲ್ ಸಾಲ ನಂಬಿಕೊಂಡಿದ್ದರೆ, ಸೇರುವ ಕಾಲೇಜು ಅಮೆರಿಕದ ಶಿಕ್ಷಣ ಇಲಾಖೆಯ ವಿದೇಶಿ ಕಾಲೇಜುಗಳ ಪಟ್ಟಿಯಲ್ಲಿ ಇದೆಯೇ ಎಂದು ನೋಡಿ ಆಮೇಲೆ ಸೀಟು ಹಿಡಿಯಿರಿ. ಪೆಲ್ ಗ್ರಾಂಟ್ (ಮರಳಿಸಬೇಕಿಲ್ಲದ ಫೆಡರಲ್ ನೆರವು) ಅಂತೂ ವಿದೇಶಿ ಕಾಲೇಜಿಗೆ ಬರುವುದಿಲ್ಲ.

ಹಾಗಾಗಿ ನಿಮ್ಮ ಪಾಲಿನ ಸರ್ಕಾರಿ ಸಾಲ ಎಂದರೆ ಊರಿನ ಸರ್ಕಾರಿ ಬ್ಯಾಂಕಿನ ಸಾಲ. ಇಲ್ಲೊಂದು ಗೊಂದಲ: 2015ರ ವಿದ್ಯಾಲಕ್ಷ್ಮಿ ಜಾಲತಾಣ ಬೇರೆ, 2024ರ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಬೇರೆ. ಜಾಲತಾಣದಲ್ಲಿ ಒಂದೇ ಅರ್ಜಿ ತುಂಬಿ ಮೂರು ಬ್ಯಾಂಕುಗಳ ತನಕ ಕಳಿಸಬಹುದು. ಯೋಜನೆ ಇರುವುದು ಭಾರತದೊಳಗಿನ ಆಯ್ದ ಸಂಸ್ಥೆಗಳಿಗೆ. ಅದರ ಬಡ್ಡಿ ರಿಯಾಯಿತಿ ನಿಮಗಿಲ್ಲ. ಅಲ್ಪಸಂಖ್ಯಾತರಿಗೆ ಬಡ್ಡಿ ಸಹಾಯ ಕೊಡುತ್ತಿದ್ದ ಪಢೋ ಪರದೇಶ್ 2022-23ರಿಂದ ನಿಂತಿದೆ. ದೇವರಾಜ ಅರಸು ಹಿಂದುಳಿದ ವರ್ಗಗಳ ನಿಗಮ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳಲ್ಲಿ ವಿದೇಶ ವ್ಯಾಸಂಗದ ಸಾಲಕ್ಕೆ ಅರ್ಜಿ ಕರೆದಾಗ ಜಾತಿ, ಆದಾಯ ಪ್ರಮಾಣಪತ್ರ ಕೈಯಲ್ಲಿರಲಿ. ನಾಡಕಚೇರಿಗೆ ಆವಾಗ ಓಡಿದರೆ ತಡವಾಗುತ್ತದೆ.

ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಶಿಕ್ಷಣ ಸಾಲ ಯೋಜನೆಯ ಲೆಕ್ಕ ಹೀಗಿದೆ. 4 ಲಕ್ಷದ ತನಕ ಅಡಮಾನವೂ ಇಲ್ಲ, ಮಾರ್ಜಿನ್ನೂ (ಖರ್ಚಿನಲ್ಲಿ ನೀವೇ ಹಾಕಬೇಕಾದ ಪಾಲು) ಇಲ್ಲ. ಅಲ್ಲಿಂದ ಏಳೂವರೆ ಲಕ್ಷದ ತನಕ ಬೇರೊಬ್ಬರ ಜಾಮೀನು ಕೇಳಬಹುದು. ಮೇಲೆ ಹೋದರೆ ಆಸ್ತಿ, ಎಫ್‌ಡಿ, ಎಲ್‌ಐಸಿ ಪಾಲಿಸಿ ಏನಾದರೂ ಇಡಬೇಕು. 4 ಲಕ್ಷ ಮೀರಿದ ವಿದೇಶದ ಓದಿಗೆ ನಿಮ್ಮ ಕೈಯಿಂದ ಶೇ. 15 ಮಾರ್ಜಿನ್. ಒಟ್ಟು ಖರ್ಚು 40 ಲಕ್ಷವಾದರೆ 6 ಲಕ್ಷ ನಿಮ್ಮದು. ಆದರೆ ಅದನ್ನು ಒಂದೇ ಸಲ ಕಟ್ಟಬೇಕಿಲ್ಲ, ಕಂತು ಬಿಡುಗಡೆಯಾದಂತೆ ಹಾಕಿದರಾಯಿತು. ಸ್ಕಾಲರ್‌ಶಿಪ್ ಸಿಕ್ಕಿದರೆ ಅದನ್ನೂ ಮಾರ್ಜಿನ್‌ಗೆ ಹಿಡಿಯುತ್ತಾರೆ, ಕೇಳಿ ಪಡೆಯಿರಿ. ಬ್ಯಾಂಕ್ ತನ್ನ ಪಟ್ಟಿಯಲ್ಲಿರುವ ಹೆಸರಾಂತ ವಿಶ್ವವಿದ್ಯಾಲಯಗಳಿಗೆ ಅಡಮಾನವಿಲ್ಲದೆ ದೊಡ್ಡ ಸಾಲ ಕೊಡುವುದೂ ಇದೆ. ಜಾಗದ ಕಾಗದ ಹೊರತೆಗೆಯುವ ಮೊದಲು ಆ ಪಟ್ಟಿ ನೋಡಿ.

ನಮ್ಮ ಕಡೆಯವರು ಎಡವುವುದು ಜಾಗದ ಕಾಗದದಲ್ಲಿ. ಪುತ್ತೂರಿನಲ್ಲೋ ಬೆಳ್ತಂಗಡಿಯಲ್ಲೋ ಎರಡೆಕರೆ ಅಡಿಕೆ ತೋಟ ಇರುತ್ತದೆ, ಬೆಲೆ ಸಾಲದ ದುಪ್ಪಟ್ಟು, ಆದರೂ ಮ್ಯಾನೇಜರ್ ಒಪ್ಪುವುದಿಲ್ಲ. ಕಾರಣ ಇಷ್ಟೆ: ಕೋರ್ಟಿಗೆ ಹೋಗದೆ ಆಸ್ತಿ ಹರಾಜು ಹಾಕಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಕನ್ವರ್ಷನ್ ಆದ (ಕೃಷಿಯೇತರ ಬಳಕೆಗೆ ಬದಲಾದ) ಹತ್ತು ಸೆಂಟ್ಸ್‌ನಲ್ಲಿರುವ ಮನೆ, ಬ್ಯಾಂಕಿನ ಕಣ್ಣಿಗೆ ಆ ತೋಟಕ್ಕಿಂತ ಮೇಲು.

ಕುಮ್ಕಿಯಲ್ಲಿ, ಅಂದರೆ ನಿಮ್ಮ ಜಾಗಕ್ಕೆ ತಾಗಿಕೊಂಡು ನೀವು ಬಳಸುತ್ತಿರುವ ಜಾಗದಲ್ಲಿ, ಅಜ್ಜನ ಕಾಲದ ಗೇರುಮರ ಇದ್ದರೂ ಅದು ಸರ್ಕಾರಿ ಜಾಗವೇ. ವ್ಯಾಲ್ಯೂವರ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮನೆಯ ಒಂದು ಮೂಲೆ ವರ್ಗ ಜಾಗ (ನಿಮ್ಮ ಸ್ವಂತ ಪಟ್ಟಾ ಜಾಗ) ದಾಟಿ ಕುಮ್ಕಿಗೆ ಚಾಚಿದ್ದರೆ ವಕೀಲರ ಅಭಿಪ್ರಾಯದಲ್ಲೇ ಕಡತ ನಿಂತುಬಿಡುತ್ತದೆ. ಅಳಿಯಕಟ್ಟಿನ (ತಾಯಿಯ ಕಡೆಯಿಂದ ಆಸ್ತಿ ಬರುವ) ಕುಟುಂಬದ ಆಸ್ತಿ ಪಾಲಾಗದೆ, ಆರ್‌ಟಿಸಿಯಲ್ಲಿ ತೀರಿಹೋದ ಅಜ್ಜಿಯ ಹೆಸರೇ ಉಳಿದಿದ್ದರೆ ಮುಂಬೈಯ ಮಾವ, ದುಬೈಯ ಚಿಕ್ಕಮ್ಮ ಎಲ್ಲರ ಸಹಿಯೂ ಬೇಕಾಗುತ್ತದೆ. ಇನ್ನೊಂದು, ಯಾರೂ ಮುಂಚೆ ನೋಡದ ವಿಷಯ: ಆರ್‌ಟಿಸಿಯ 11ನೇ ಕಾಲಂ. ಎಂದೋ ತೀರಿಸಿದ ಕೃಷಿ ಸಾಲ ಅಲ್ಲಿ ಹಾಗೇ ಕೂತಿರುತ್ತದೆ, ಅದೂ ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕ್ ಹೆಸರಿನಲ್ಲಿ. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್‌ಗೆ. ಋಣಮುಕ್ತಿ ಪತ್ರ ಕೊಡಬೇಕಾದವರು ಈಗಿನ ಬ್ಯಾಂಕಿನವರು.

ಬ್ಯಾಂಕಿಗೆ ಕೊಡಬೇಕಾದ ಕಾಗದ: ಪಂಚಾಯತ್ ವ್ಯಾಪ್ತಿಯಾದರೆ ನೈನ್-ಇಲೆವೆನ್ (ಪಂಚಾಯತ್ ಕೊಡುವ ನಮೂನೆ 9 ಮತ್ತು 11), ಪಟ್ಟಣವಾದರೆ ಖಾತೆ. ಜೊತೆಗೆ ಮೂಲಪತ್ರ, ಕನ್ವರ್ಷನ್ ಆದೇಶ, ಮನೆಯ ಪರವಾನಗಿ, ತೆರಿಗೆ ರಶೀದಿ, ಇಸಿ (ಋಣಭಾರ ಪ್ರಮಾಣಪತ್ರ). ಇಸಿ ಎಷ್ಟು ವರ್ಷದ್ದು ಬೇಕೆಂದು ಬ್ಯಾಂಕಿನ ಪ್ಯಾನೆಲ್ ವಕೀಲರನ್ನು ಮೊದಲೇ ಕೇಳಿ, ಇಲ್ಲವಾದರೆ ಎರಡೆರಡು ಸಲ ತೆಗೆಸಬೇಕಾದೀತು. ಸೆಪ್ಟೆಂಬರ್ ಕ್ಲಾಸಿನವರು ಹಿಂದಿನ ದೀಪಾವಳಿ ಹೊತ್ತಿಗೇ ಈ ಕೆಲಸಕ್ಕೆ ಕೈ ಹಾಕಿದರೆ ಒಳ್ಳೆಯದು. ಕಾಗದ ಸರಿ ಇದ್ದರೆ ಬ್ಯಾಂಕಿನ ತೀರ್ಮಾನಕ್ಕೆ ಹದಿನೈದು ದಿನದಿಂದ ಒಂದು ತಿಂಗಳು ಸಾಕು.

ಆಸ್ತಿ ಗಲ್ಫ್‌ನಲ್ಲಿರುವ ಅಪ್ಪನ ಹೆಸರಿನಲ್ಲಿದ್ದರೆ, ಅವರು ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿ ಕಳಿಸಬೇಕು. ಅದು ಊರು ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ. ಅಪ್ಪ ಭಾರತದಲ್ಲಿ ಆದಾಯ ತೆರಿಗೆ ರಿಟರ್ನ್ ಸಲ್ಲಿಸದವರಾದರೆ ಸಂಬಳದ ಪ್ರಮಾಣಪತ್ರ, ಎನ್‌ಆರ್‌ಇ ಖಾತೆಯ ಸ್ಟೇಟ್‌ಮೆಂಟ್ ಕೇಳುತ್ತಾರೆ.

ಮಂಜೂರಾತಿ ಪತ್ರಕ್ಕೂ ದಿನಾಂಕದ ಲೆಕ್ಕ ಇದೆ. ಇಂಗ್ಲೆಂಡಿನ ವೀಸಾಕ್ಕೆ ಸಾಲದ ಪತ್ರ ಆರು ತಿಂಗಳಿಗಿಂತ ಹಳೆಯದಾಗಿರಬಾರದು. ಜರ್ಮನಿಗೆ ವರ್ಷಕ್ಕೆ 11,904 ಯೂರೋ ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಲು ಬಿಡುವ ಖಾತೆ) ಮುಂಚೆಯೇ ತುಂಬಿರಬೇಕು. ಆ ಮೊತ್ತವನ್ನು ವೀಸಾಕ್ಕೆ ಮೊದಲೇ ಬಿಡುಗಡೆ ಮಾಡುತ್ತಾರೆಯೇ ಎಂಬುದನ್ನು ಬ್ಯಾಂಕಿನಿಂದ ಬರೆಸಿಕೊಳ್ಳಿ. ಸಾಲ ಮಂಜೂರಾಗಿ, ಹಣ ಬಿಡಲು ವೀಸಾ ತನ್ನಿ ಎಂದರೆ ದಾರಿ ಎರಡೂ ಕಡೆ ಮುಚ್ಚಿದ ಹಾಗೆ.

ಓದು ಮುಗಿದು ಒಂದು ವರ್ಷದ ತನಕ ಕಂತು ಇಲ್ಲ, ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ. ಲೆಕ್ಕಕ್ಕೆ 20 ಲಕ್ಷ, ಶೇ. 10 ಎಂದುಕೊಳ್ಳಿ: ಮೊದಲ ದಿನವೇ ಪೂರ್ತಿ ಹಣ ತೆಗೆದರೆ ಮೂರು ವರ್ಷಕ್ಕೆ ಸರಳ ಬಡ್ಡಿ 6 ಲಕ್ಷ. ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದರೆ ಮಾದರಿ ಯೋಜನೆಯಲ್ಲಿ ಶೇ. 1 ರಿಯಾಯಿತಿ ಇದೆ. ಮನೆಯಲ್ಲಿ ಆಗುವುದಾದರೆ ಇದನ್ನು ಬಿಡಬೇಡಿ.

ಊರಿನ ಕ್ರೆಡಿಟ್ ಸೊಸೈಟಿ ಬೇಗ ಕೊಡುತ್ತದೆ ನಿಜ, ಆದರೆ ಆ ಬಡ್ಡಿಗೆ ಆದಾಯ ತೆರಿಗೆ ವಿನಾಯಿತಿ ಇಲ್ಲ. ಬ್ಯಾಂಕಿನ ಸಾಲಕ್ಕಾದರೆ ಎಂಟು ವರ್ಷ ಸಿಗುತ್ತದೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ. ಬ್ಯಾಂಕ್ ಸಾಲದಿಂದ ಹೋಗುವ ಫೀಸಿಗೆ ಟಿಸಿಎಸ್ (ವಿದೇಶಕ್ಕೆ ಹಣ ಕಳಿಸುವಾಗ ಬ್ಯಾಂಕ್ ಹಿಡಿಯುವ ತೆರಿಗೆ) ಇಲ್ಲ. ಸ್ವಂತ ಹಣ ಕಳಿಸಿದರೆ ವರ್ಷಕ್ಕೆ 10 ಲಕ್ಷ ದಾಟಿದ ಭಾಗಕ್ಕೆ ಹಿಡಿಯುತ್ತಾರೆ.

ಕೌಂಟರಿನಲ್ಲಿ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಬಾಯಿಮಾತಲ್ಲಿ ಹೇಳಿದರೆ ಎದ್ದು ಬರಬೇಡಿ, ಕಾರಣ ಬರೆದು ಕೊಡಿ ಎನ್ನಿ. ಶಿಕ್ಷಣ ಸಾಲ ತಿರಸ್ಕರಿಸಲು ಮೇಲಧಿಕಾರಿಯ ಒಪ್ಪಿಗೆ ಬೇಕು. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ಬರೆಯಬಹುದು, ಶುಲ್ಕ ಇಲ್ಲ.