ರೋಮಿನಿಂದ ಬಂದ ಕಾಗದಗಳನ್ನು ಓದಿದ ಎರಡು ಚಳಿಗಾಲ

ಧಾರವಾಡದಲ್ಲಿ ಮೋಡಿ ಎಂಬ ಕೂಡಿಸಿ ಬರೆಯುವ ಲಿಪಿಯ ಕಂದಾಯ ದಾಖಲೆಗಳನ್ನು ಓದಲು ಕಲಿಯುತ್ತಿದ್ದಾಗ, ಅಕ್ಷರವನ್ನು ಹುಡುಕುವ ಮೊದಲು ಬರೆದವನ ಕೈಯ ಓಟವನ್ನು ಗುರುತಿಸಬೇಕು ಎಂದು ನನಗೆ ಕಲಿಸಿದ ಹಿರಿಯರು ಹೇಳುತ್ತಿದ್ದರು. ಮುಂದೆ ಇಂಗ್ಲೆಂಡಿಗೆ ಬಂದು, ಹದಿನೆಂಟನೆಯ ಶತಮಾನದಲ್ಲಿ ಇಟಲಿಗೆ ಹೋಗಿ ಚಿತ್ರ, ಶಿಲ್ಪಗಳ ಹುಚ್ಚು ಹಿಡಿಸಿಕೊಂಡ ಶ್ರೀಮಂತರ ಕಾಗದಪತ್ರಗಳನ್ನು ಪಟ್ಟಿ ಮಾಡುವ ಕೆಲಸಕ್ಕೆ ಕುಳಿತಾಗ ಆ ಮಾತೇ ನನಗೆ ದಾರಿ ತೋರಿಸಿತು. ಗ್ರ್ಯಾಂಡ್ ಟೂರ್ ಎಂದು ಹೆಸರಾದ ಆ ಪ್ರವಾಸಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತಿದ್ದವು. ಅವುಗಳಿಂದ ಉಳಿದಿರುವುದು ಮನೆಗೆ ಬರೆದ ಕಾಗದಗಳು, ದಿನಚರಿಗಳು, ಪರದೇಶದಲ್ಲಿ ಹಣ ಪಡೆಯುವ ಹುಂಡಿ ಪತ್ರಗಳು ಮತ್ತು ಅಂಗಡಿಯ ಲೆಕ್ಕದ ಚೀಟಿಗಳು.

ಮೊದಲನೆಯ ಚಳಿಗಾಲವನ್ನು ಒಂದು ಜಿಲ್ಲಾ ಪತ್ರಾಗಾರದಲ್ಲಿ ಕಳೆದೆ. ಅಲ್ಲಿ ಪೆನ್ನಿಗೆ ಅವಕಾಶವಿರಲಿಲ್ಲ, ಪೆನ್ಸಿಲ್ ಮಾತ್ರ. ಉದ್ದ ಬಾಲದ 'ಎಸ್' ಅಕ್ಷರವನ್ನು 'ಎಫ್' ಎಂದು ಓದದಿರುವುದು, ಸಾಲಿನ ಮೇಲೆ ಚಿಕ್ಕದಾಗಿ ಏರಿಸಿ ಬರೆದ ಸಂಕ್ಷೇಪಗಳನ್ನು ಬಿಡಿಸುವುದು ಮುಂತಾದವು ಕೆಲವು ವಾರಗಳಲ್ಲಿ ರೂಢಿಯಾದವು. ಕಾಡಿದ್ದು ಕಾಲದ ಲೆಕ್ಕ. ಒಂದು ಕಾಗದದ ತಲೆಯಲ್ಲಿ 8 ಎಂಬ ಅಂಕಿಗೆ 'ಬರ್' ಎಂದು ಸೇರಿಸಿ ತಿಂಗಳನ್ನು ಬರೆದಿತ್ತು. ಎಂಟನೆಯ ತಿಂಗಳು ಆಗಸ್ಟ್ ಎಂದುಕೊಂಡು ನಾನು ಅದನ್ನು ಆಗಸ್ಟಿನ ಕಟ್ಟಿಗೆ ಸೇರಿಸಿದೆ. ಲ್ಯಾಟಿನ್ನಿನಲ್ಲಿ ಎಂಟು ಎಂದರೆ 'ಆಕ್ಟೋ'. ಬರೆದವನ ಪಾಲಿಗೆ ಅದು ಅಕ್ಟೋಬರ್. ಹಾಗೆಯೇ 7 ಸೆಪ್ಟೆಂಬರ್, 9 ನವೆಂಬರ್, ರೋಮನ್ ಹತ್ತರ ಗುರುತು ಡಿಸೆಂಬರ್. ಈ ಒಂದು ತಪ್ಪಿನಿಂದ ಆ ಮನುಷ್ಯ ಫ್ಲಾರೆನ್ಸ್ ತಲುಪುವ ಮುನ್ನವೇ ಅಲ್ಲಿಯ ಚಿತ್ರಶಾಲೆಯನ್ನು ವರ್ಣಿಸಿದಂತಾಗಿ, ಇಡೀ ಕಟ್ಟನ್ನು ಬಿಚ್ಚಿ ಮತ್ತೆ ಜೋಡಿಸಬೇಕಾಯಿತು.

1752ಕ್ಕಿಂತ ಹಿಂದಿನ ಕಾಗದಗಳಲ್ಲಿ ಇನ್ನೊಂದು ತೊಡಕಿದೆ. ಆ ವರ್ಷ ಸೆಪ್ಟೆಂಬರ್ 2ರ ಮರುದಿನವನ್ನು 14 ಎಂದು ಎಣಿಸಿ ಇಂಗ್ಲೆಂಡ್ ಹೊಸ ಪಂಚಾಂಗಕ್ಕೆ ಬರುವವರೆಗೆ, ಆ ಶತಮಾನದಲ್ಲಿ ಅದು ಇಟಲಿಗಿಂತ 11 ದಿನ ಹಿಂದಿತ್ತು; ಕಾನೂನಿನ ಪ್ರಕಾರ ಅದರ ಹೊಸ ವರ್ಷ ಮಾರ್ಚ್ 25ರಂದು ಶುರುವಾಗುತ್ತಿತ್ತು. ಪ್ರವಾಸಿ ಯಾವ ಪಂಚಾಂಗದಲ್ಲಿ ಬರೆದಿದ್ದಾನೆ ಎಂಬುದನ್ನು ತಿಳಿಯಲು ನಾನು ಕಾಗದದ ಹಿಂಬದಿಯನ್ನು ನೋಡುವುದನ್ನು ಕಲಿತೆ. ತಲುಪಿದ ಕಾಗದವನ್ನು ಮಡಿಸಿ, ಬರೆದವನ ಹೆಸರನ್ನೂ ಬಂದ ದಿನವನ್ನೂ ಬೆನ್ನಿನ ಮೇಲೆ ಗುರುತು ಹಾಕಿಡುವ ಪದ್ಧತಿ ಆಗ ವ್ಯಾಪಕವಾಗಿತ್ತು. ಬರೆದ ದಿನ, ಹೊಸ ಪಂಚಾಂಗಕ್ಕೆ ತಿದ್ದಿದ ದಿನ, ತಲುಪಿದ ದಿನ ಎಂಬ ಮೂರು ಕಾಲಂಗಳನ್ನು ಹಾಕಿಕೊಂಡ ಮೇಲೆ ಕಾಗದಗಳು ತಮ್ಮ ಸ್ಥಾನಕ್ಕೆ ತಾವೇ ಬಂದು ಕೂತವು.

ಗಂಟೆಯ ವಿಷಯವೂ ಅಷ್ಟೇ. ಇಟಲಿಯಲ್ಲಿ ದಿನದ 24 ಗಂಟೆಗಳನ್ನು ಸೂರ್ಯಾಸ್ತದಿಂದ, ಹಲವೆಡೆ ಅದಾದ ಅರ್ಧ ಗಂಟೆಯಿಂದ ಎಣಿಸುತ್ತಿದ್ದರು. 22 ಗಂಟೆಗೆ ಪ್ರತಿಮೆ ನೋಡಿದೆ ಎಂದು ಬರೆದವನು ರಾತ್ರಿ ಹೋದವನಲ್ಲ, ಇಳಿಬಿಸಿಲಿನಲ್ಲಿ ನಿಂತವನು. ಪಂಜಿನ ಬೆಳಕಿನಲ್ಲಿ ಶಿಲ್ಪಗಳನ್ನು ನೋಡುವ ಹವ್ಯಾಸವೂ ಆಗ ಇದ್ದುದರಿಂದ, ಇದನ್ನು ತಪ್ಪಾಗಿ ಓದಿದರೆ ಅವನು ಕಂಡ ನೆರಳು ಬೆಳಕುಗಳೇ ಬದಲಾಗಿಬಿಡುತ್ತವೆ.

ಎರಡನೆಯ ಚಳಿಗಾಲದಲ್ಲಿ ಲಂಡನ್ನಿಗೆ ಹೋಗಿ ಚಾರ್ಲ್ಸ್ ಟೌನ್ಲಿಯ ಕಾಗದಪತ್ರಗಳ ಮುಂದೆ ಕುಳಿತೆ. ಲ್ಯಾಂಕಾಶೈರ್ ಪ್ರಾಂತ್ಯದ ಕ್ಯಾಥೊಲಿಕ್ ಮನೆತನದ ಟೌನ್ಲಿ ಫ್ರಾನ್ಸಿನಲ್ಲಿ ಓದಿದವನು. 1760ರ ದಶಕದ ಕೊನೆಯಲ್ಲಿ ಮೊದಲ ಸಲ ಇಟಲಿಗೆ ಹೋದವನು ಮತ್ತೆರಡು ಸಲ ಹೋಗಿ, ಲಂಡನ್ನಿನ ಪಾರ್ಕ್ ಸ್ಟ್ರೀಟಿನ ತನ್ನ ಮನೆಯನ್ನು ಅಮೃತಶಿಲೆಯ ಪ್ರತಿಮೆಗಳಿಂದ ತುಂಬಿದ. ಅವನು ತೀರಿಕೊಂಡ 1805ರಲ್ಲಿಯೇ ಬ್ರಿಟಿಷ್ ಮ್ಯೂಸಿಯಂ ಅವುಗಳನ್ನು 20,000 ಪೌಂಡಿಗೆ ಕೊಂಡಿತು. ಅವನ ಕಾಗದಗಳು ಅದೇ ಸಂಸ್ಥೆಗೆ ಸೇರಿದ್ದು ಬಹಳ ತಡವಾಗಿ, 1992ರಲ್ಲಿ.

ರೋಮಿನಿಂದ ಅವನಿಗೆ ಬರೆಯುತ್ತಿದ್ದವರಲ್ಲಿ ಇಬ್ಬರು ಮುಖ್ಯರು. ಗ್ಯಾವಿನ್ ಹ್ಯಾಮಿಲ್ಟನ್ ಸ್ಕಾಟ್ಲೆಂಡಿನ ಚಿತ್ರಕಾರ; 1769ರಲ್ಲಿ ಪ್ರಾಚೀನ ರೋಮಿನ ಹೇಡ್ರಿಯನ್ ಚಕ್ರವರ್ತಿಯ ವಿಲ್ಲಾದ ಬಳಿ ಪಾಂಟನೆಲ್ಲೊ ಎಂಬ ಜೌಗುನೆಲವನ್ನು ಅಗೆಯಿಸಿದವನು. ಥಾಮಸ್ ಜೆಂಕಿನ್ಸ್ ಚಿತ್ರ ಕಲಿಯಲು ಬಂದು ಸಾಹುಕಾರನೂ ವ್ಯಾಪಾರಿಯೂ ಆದವನು; ಪ್ರವಾಸಿಗಳ ಹುಂಡಿಗೆ ಹಣ ಕೊಡುವವನೂ ಅವನೇ, ಆ ಹಣಕ್ಕೆ ಪ್ರತಿಮೆ ಮಾರುವವನೂ ಅವನೇ. ಆದ್ದರಿಂದ ವಸ್ತು ಸಿಕ್ಕಿದ ಜಾಗದ ವಿಷಯದಲ್ಲಿ ನಾನು ಹ್ಯಾಮಿಲ್ಟನ್ನನನ್ನು ಹೆಚ್ಚು ನಂಬುತ್ತೇನೆ, ಜೆಂಕಿನ್ಸನ ಹೊಗಳಿಕೆಯನ್ನು ಬೆಲೆಯ ಪಕ್ಕದಲ್ಲಿಟ್ಟೇ ಓದುತ್ತೇನೆ.

ಬೆಲೆ ತಿಳಿಯಬೇಕಾದರೆ ನಾಣ್ಯ ತಿಳಿಯಬೇಕು. ರೋಮಿನಲ್ಲಿ ಒಂದು ಸ್ಕೂಡೊ ಎಂದರೆ 10 ಪಾವೊಲಿ. ಸುಮಾರು 4 ಸ್ಕೂಡೊ ಒಂದು ಪೌಂಡಿಗೆ ಸಮ. ಊರಿನ ಹೆಸರುಗಳನ್ನೂ ಬಿಡಿಸಬೇಕು. ಪೆಟ್ಟಿಗೆಗಳು ಹಡಗು ಹತ್ತಿದ ಬಂದರನ್ನು ಇಂಗ್ಲಿಷರು ಲೆಗ್‌ಹಾರ್ನ್ ಎಂದು ಬರೆಯುತ್ತಿದ್ದರು. ನಮ್ಮಲ್ಲಿ ಕೋಳಿ ಸಾಕುವವರಿಗೆಲ್ಲ ಗೊತ್ತಿರುವ ಆ ಹೆಸರಿನ ತಳಿಗೂ ಮೂಲವಾದ ಅದು ಇಟಲಿಯ ಲಿವೋರ್ನೊ. ನಾನು ಪ್ರತಿಯೊಂದು ಪ್ರತಿಮೆಗೂ ಒಂದು ಹಾಳೆ ಇಟ್ಟು, ಸಿಕ್ಕಿದ ಜಾಗ, ದುರಸ್ತಿ ಮಾಡಿದ ಶಿಲ್ಪಿ, ಹೊಸದಾಗಿ ಸೇರಿಸಿದ ಅಂಗಗಳು, ಹೇಳಿದ ಬೆಲೆ, ಕೊಟ್ಟ ಬೆಲೆ, ಪೋಪನ ಆಡಳಿತದಿಂದ ಪಡೆದ ರಫ್ತಿನ ಪರವಾನಗಿ, ಲಂಡನ್ ಮುಟ್ಟಿದ ದಿನ ಇವುಗಳನ್ನು ಸಿಕ್ಕಷ್ಟು ತುಂಬಿದೆ. ಹೊಸ ಅಂಗಗಳ ಕಾಲಂ ತುಂಬುವುದೇ ಎಲ್ಲಕ್ಕಿಂತ ಕಷ್ಟವಾಯಿತು, ಏಕೆಂದರೆ ಮಾರುವವನು ಒಡೆದ ಮೂಗನ್ನು ಒಪ್ಪಿಕೊಂಡರೂ ತಲೆಯ ಮಾತು ಬಂದಾಗ ಎಚ್ಚರದಿಂದ ಬರೆಯುತ್ತಿದ್ದ. ತಲೆ ಮೂಲದ್ದೇ ಆದರೆ ಪ್ರತಿಮೆಯ ಬೆಲೆಯೇ ಬೇರೆ.

ಚಕ್ರ ಎಸೆಯುವ ಯುವಕನ ಪ್ರತಿಮೆಯ ಹಾಳೆ ಹೀಗೆಯೇ ಬೆಳೆಯಿತು. ಹೇಡ್ರಿಯನ್ನನ ವಿಲ್ಲಾದಲ್ಲಿ ಸಿಕ್ಕ ಅದನ್ನು ಟೌನ್ಲಿ ಜೆಂಕಿನ್ಸನಿಂದ 400 ಪೌಂಡಿಗೆ ಕೊಂಡ. ಅದು 1794ರಲ್ಲಿ ಪಾರ್ಕ್ ಸ್ಟ್ರೀಟಿಗೆ ಬಂತು. ಅದು ಹಳೆಯ ಗ್ರೀಕ್ ಪ್ರತಿಮೆಯೊಂದರ ಪ್ರತಿ. ಅದೇ ಮೂಲದ ಇನ್ನೊಂದು ಪ್ರತಿ 1781ರಲ್ಲಿ ರೋಮಿನಲ್ಲಿ ಸಿಕ್ಕಿದ್ದು, ಅದರಲ್ಲಿ ಯುವಕ ತಲೆ ತಿರುಗಿಸಿ ಚಕ್ರವನ್ನು ನೋಡುತ್ತಾನೆ. ಟೌನ್ಲಿಯ ಯುವಕ ಮಾತ್ರ ನೆಲ ನೋಡುತ್ತಾನೆ. ತಲೆಯನ್ನು ತಪ್ಪಾಗಿ ಕೂರಿಸಲಾಗಿದೆ ಎಂದು ಅವನ ಗೆಳೆಯ ರಿಚರ್ಡ್ ಪೇನ್ ನೈಟ್ ಬೇಗನೆ ಹೇಳಿದರೂ ಟೌನ್ಲಿ ತನ್ನ ಪ್ರತಿಯೇ ಮೇಲೆಂಬ ನಂಬಿಕೆಯನ್ನು ಬಿಡಲಿಲ್ಲ. ಅಷ್ಟು ಪ್ರತಿಮೆಗಳನ್ನು ಕಣ್ಣಾರೆ ಕಂಡು ಪಳಗಿದವನು ಇಲ್ಲೇಕೆ ಹಟ ಹಿಡಿದ ಎಂಬುದು ನನ್ನನ್ನು ಬಹಳ ದಿನ ಕಾಡಿತು. ದೂರದ ರೋಮಿನಿಂದ ಕಾಗದದ ಮೂಲಕವೇ ಕೊಂಡ ವಸ್ತುವಿನ ಬಗ್ಗೆ, ಕಾಗದದ ಮಾತನ್ನು ನಂಬದೆ ಅವನಿಗೆ ಬೇರೆ ದಾರಿಯಿರಲಿಲ್ಲವೆಂದು ನನಗೆ ಈಗ ತೋರುತ್ತದೆ.

ಹಾಳೆ ಮುಗಿದ ದಿನ ಅದನ್ನು ಹಿಡಿದುಕೊಂಡು ಮ್ಯೂಸಿಯಂನ ಆ ಪ್ರತಿಮೆಯ ಮುಂದೆ ಹೋಗಿ ನಿಂತೆ. ಸುತ್ತಿ ಬಂದು, ಬಗ್ಗಿ, ತಲೆಯೂ ಮೈಯೂ ಕೂಡುವ ಕತ್ತಿನ ಭಾಗವನ್ನು ಬಹಳ ಹೊತ್ತು ನೋಡಿದೆ. ಆಮೇಲೆ ಹೊಸ ಅಂಗಗಳ ಕಾಲಂನಲ್ಲಿ ಪೆನ್ಸಿಲಿನಿಂದ 'ತಲೆ' ಎಂದು ಬರೆದೆ.