ಭಾನುವಾರವೇ ಕಡಲೆಕಾಳು ಬೇಯಿಸಿ ಫ್ರೀಜರಿಗೆ ಹಾಕಿಡಿ
ಸಂಜೆ ಓಟದ ಪ್ರಾಕ್ಟೀಸ್ ಮುಗಿಸಿ ಬಂದು ಅಡುಗೆ ಮಾಡೋ ತಾಳ್ಮೆ ಇಲ್ಲದವರು ಹೀಗೆ ಮಾಡಿ: ಶನಿವಾರ ರಾತ್ರಿ ಅರ್ಧ ಕೆಜಿ ಕಡಲೆಕಾಳು ನೆನೆಹಾಕಿ, ಭಾನುವಾರ ಉಪ್ಪು ಹಾಕಿ ಕುಕ್ಕರಿನಲ್ಲಿ ಬೇಯಿಸಿ, ನೀರು ಬಸಿದು, ಪೂರ್ತಿ ಆರಿದ ಮೇಲೆ ಆರು ಡಬ್ಬಿಗೆ ಹಂಚಿ ಫ್ರೀಜರಿಗೆ ಹಾಕಿಡಿ. ಹೊತ್ತು ಹಿಡಿಯೋದು ನೆನೆಯೋಕೆ, ಬೇಯೋಕೆ ತಾನೇ? ಒಗ್ಗರಣೆ ಐದು ನಿಮಿಷದ ಕೆಲಸ. ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ ಸಿಡಿದ ಮೇಲೆ ಗಟ್ಟಿಯಾದ ಕಾಳನ್ನು ಹಾಗೇ ಬಾಣಲೆಗೆ ಸುರಿದು ಮುಚ್ಚಿಡಿ, ಬಿಸಿಯಾದಾಗ ತೆಂಗಿನತುರಿ, ನಿಂಬೆರಸ. ಒಂದು ಡಬ್ಬಿಗೆ ಸುಮಾರು 16 ಗ್ರಾಂ ಪ್ರೋಟೀನ್ ಸಿಗುತ್ತದೆ. ಬಸಿದ ನೀರು ಚೆಲ್ಲಬೇಡಿ, ಅವತ್ತಿನ ಸಾರಿಗೆ ಆಗುತ್ತದೆ. ಮೊಳಕೆ ಹೆಸರುಕಾಳಿಗೆ ಇದು ಸರಿಹೋಗಲ್ಲ, ಫ್ರೀಜರಿನಿಂದ ತೆಗೆದರೆ ಪಿಚಪಿಚ ಅನ್ನುತ್ತದೆ. ಓಡೋದಕ್ಕೆ ಮುಂಚೆಯಂತೂ ಕಡಲೆಕಾಳು ತಿನ್ನಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ಆಗ ಸುಮ್ನೆ ಒಂದು ಬಾಳೆಹಣ್ಣು ಸಾಕು.