ಸೋತವರ ಪುಸ್ತಕದಿಂದ ಗೆದ್ದವರ ಪಟ್ಟಿ

ಬಳ್ಳಾರಿಯ ಕೌಲ್ ಬಜಾರ್ ಕಡೆ ನಾವು ಸೇರುವ ವಿಡಿಯೋ ಗೇಮ್ ಅಂಗಡಿಯಲ್ಲಿ ನಿಯಮ ಒಂದೇ: ಸೋತವನು ದುಡ್ಡು ಕೊಟ್ಟು ಏಳಬೇಕು, ಗೆದ್ದವನು ಕುಳಿತಲ್ಲೇ ಕುಳಿತಿರಬಹುದು. ಎರಡು ಪ್ಲೇಸ್ಟೇಷನ್ 4, ಒಂದು ಕೂಲರ್, ಆರೇಳು ಪ್ಲಾಸ್ಟಿಕ್ ಕುರ್ಚಿಗಳು. ಆಡುವುದು ಬಹುತೇಕ ಟೆಕ್ಕನ್ 7, ಇಬ್ಬರು ಎದುರುಬದುರು ಹೊಡೆದಾಡುವ ಆಟ. ಊರಿನಲ್ಲಿ ಯಾರು ಮೊದಲು ಎಂಬ ಜಗಳ ಪ್ರತಿ ಸಂಜೆ ಎದ್ದು, ಮಿರ್ಚಿ ಬಜ್ಜಿ ಬರುವವರೆಗೆ ನಡೆಯುತ್ತಿತ್ತು. ನಾನು ಹಗಲು ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಲೆಕ್ಕ ಬರೆಯುವವನು. ಯಾವ ಟೈಲರ್ ಎಷ್ಟು ಪೀಸ್ ಹೊಲಿದ ಎಂದು ಕೂಡಿಸಿ ವಾರದ ಕೂಲಿ ಹಾಕುವುದು ನನ್ನ ಕೆಲಸ. ಪುಸ್ತಕ ನೋಡಿದರೆ ತೀರುವ ಜಗಳಕ್ಕೆ ಇಷ್ಟು ಗಂಟಲು ಏಕೆ ಹರಿದುಕೊಳ್ಳಬೇಕು ಎನಿಸಿ ಒಂದು ದಿನ ಅಂಗಡಿಯ ಮಾಲೀಕರನ್ನು ಕೇಳಿದೆ. ಅವರನ್ನು ನಾವೆಲ್ಲ ಭಾಯ್ ಎನ್ನುತ್ತೇವೆ.

ಪುಸ್ತಕವೇನೋ ಇತ್ತು. ಆದರೆ ಅದರಲ್ಲಿದ್ದದ್ದು ಸೋತವರ ಹೆಸರು ಮಾತ್ರ. ದುಡ್ಡು ಕೊಡಬೇಕಾದವನು ಅವನೇ ಅಲ್ಲವೇ? ಗೆದ್ದವನ ಹೆಸರು ಬರೆದುಕೊಂಡು ಭಾಯ್‌ಗೆ ಆಗಬೇಕಾದದ್ದೇನು!

ಎರಡು ರಾತ್ರಿ ಆ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತ ಮೇಲೆ ದಾರಿ ಹೊಳೆಯಿತು. ಬಂದವರ ಸರದಿಯನ್ನು ಭಾಯ್ ಪ್ರತಿ ದಿನದ ಪುಟದ ತಲೆಯಲ್ಲಿ ಬರೆಯುತ್ತಿದ್ದರು. ಸೋತವನು ಸರದಿಯ ಕೊನೆಗೆ ಹೋಗುತ್ತಾನೆ. ಮೂವರು ಬಂದಿದ್ದಾರೆ ಎನ್ನಿ. ಮೊದಲ ಆಟ ಒಂದನೆಯವನಿಗೂ ಎರಡನೆಯವನಿಗೂ. ಪುಸ್ತಕದಲ್ಲಿ ಎರಡನೆಯವನ ಹೆಸರಿದ್ದರೆ ಗೆದ್ದವನು ಒಂದನೆಯವನು. ಮುಂದಿನ ಆಟ ಅವನಿಗೂ ಮೂರನೆಯವನಿಗೂ. ಅಲ್ಲಿ ಒಂದನೆಯವನ ಹೆಸರು ಬಿದ್ದರೆ ಮೂರನೆಯವನು ಗೆದ್ದ, ಅವನ ಎದುರಿಗೆ ಮತ್ತೆ ಎರಡನೆಯವನು ಬಂದ. ಹೀಗೆ ಸೋತವರ ಹೆಸರುಗಳ ಸಾಲಿನಿಂದಲೇ ಇಡೀ ಸಂಜೆಯನ್ನು ಬಿಡಿಸಬಹುದು. ನಡುವೆ ಒಬ್ಬನು ಮನೆಗೆ ಹೋದರೆ ಸರಪಳಿ ಕಡಿಯುತ್ತದೆ, ಆಡುತ್ತಿರಲು ಸಾಧ್ಯವೇ ಇಲ್ಲದವನ ಹೆಸರು ‘ಸೋತವ’ ಎಂದು ಕಾಣಿಸುತ್ತದೆ. ಅಂಥ ದಿನಗಳನ್ನು ಪೂರ್ತಿ ಬಿಟ್ಟುಬಿಟ್ಟೆ. ಬಿಟ್ಟ ದಿನಗಳೇನೂ ಕಡಿಮೆಯಿರಲಿಲ್ಲ.

ಹೆಸರುಗಳದು ಇನ್ನೊಂದು ತಲೆನೋವು. ಭಾಯ್ ಬರೆಯುವುದು ಅಡ್ಡಹೆಸರು. ಆಡುವ ಪಾತ್ರದ ಮೇಲೆ ‘ಎಡ್ಡಿ’, ‘ಕಿಂಗ್’. ಕಸುಬಿನ ಮೇಲೆ ‘ಜೀನ್ಸ್’, ‘ಜೀನ್ಸ್ 2’. ಬಳ್ಳಾರಿಯಲ್ಲಿ ಜೀನ್ಸ್ ಎಂದರೆ ಯಾರೂ ಆಗಬಹುದು. ಎಡ್ಡಿ ಆಡುತ್ತಿದ್ದವನು ಆರು ತಿಂಗಳ ಮೇಲೆ ಪಾಲ್ ಹಿಡಿದಾಗ ಪುಸ್ತಕದಲ್ಲಿ ಅವನು ಬೇರೆಯೇ ಮನುಷ್ಯನಾದ. ‘ಜೀನ್ಸ್ 2’ ಕೊನೆಗೆ ಇಬ್ಬರು ಎಂದು ತಿಳಿಯಿತು, ಅಣ್ಣ ತಮ್ಮಂದಿರು. ಇದನ್ನೆಲ್ಲ ಯಾವ ಸೂತ್ರವೂ ಬಿಡಿಸುವುದಿಲ್ಲ. ಒಬ್ಬೊಬ್ಬರನ್ನೇ ಹಿಡಿದು ಕೇಳಬೇಕು.

ಮೊದಲ ಪಟ್ಟಿಯನ್ನು ಶೇಕಡಾವಾರು ಗೆಲುವಿನ ಮೇಲೆ ಮಾಡಿ ನಗೆಪಾಟಲಾದೆ. ಮೂರೇ ಆಟ ಆಡಿ ಮೂರನ್ನೂ ಗೆದ್ದಿದ್ದ ಅಪರಿಚಿತನೊಬ್ಬ ಶೇ 100 ಎಂದು ತಲೆಯ ಮೇಲೆ ಕುಳಿತಿದ್ದ. ಆಮೇಲೆ ಅಮೆರಿಕದ ಗಣಿತಜ್ಞ ಎಡ್ವಿನ್ ವಿಲ್ಸನ್ 1927ರಲ್ಲಿ ಕೊಟ್ಟ ಸೂತ್ರವನ್ನು ಹಾಕಿದೆ. ಆಟಗಳು ಕಡಿಮೆಯಿದ್ದಷ್ಟು ನಂಬಿಕೆ ಕಡಿಮೆ. ಇಷ್ಟಂತೂ ಇದ್ದೇ ಇದೆ ಎನ್ನಬಹುದಾದ ಕೆಳಗಿನ ಅಂಚನ್ನು ಮಾತ್ರ ಲೆಕ್ಕಕ್ಕೆ ಹಿಡಿ ಎನ್ನುತ್ತದೆ ಅದು. ಮೂರಕ್ಕೆ ಮೂರು ಗೆದ್ದವನಿಗೆ ಸುಮಾರು ಶೇ 44 ಬರುತ್ತದೆ, 50ರಲ್ಲಿ 40 ಗೆದ್ದವನಿಗೆ ಶೇ 67. ಜಗಳ ಅರ್ಧ ತಣ್ಣಗಾಯಿತು.

ಯಾರ ಎದುರು ಗೆದ್ದ ಎಂಬುದನ್ನೂ ಎಣಿಸಬೇಕಲ್ಲ. ಅದಕ್ಕೆ ಚದುರಂಗದ ಎಲೋ ರೇಟಿಂಗ್ ತಂದೆ, ಎದುರಾಳಿಯ ಬಲ ನೋಡಿ ಅಂಕ ಕೊಡುವ ಪದ್ಧತಿ ಅದು. ಎಲ್ಲರಿಗೂ 1500ರಿಂದ ಆರಂಭ. ಇಬ್ಬರ ನಡುವೆ 200 ಅಂಕಗಳ ಅಂತರವಿದ್ದರೆ ಮೇಲಿನವನು 100ರಲ್ಲಿ ಸುಮಾರು 76 ಸಲ ಗೆಲ್ಲಬೇಕು. ಒಂದು ಆಟಕ್ಕೆ ಪಣ 32 ಅಂಕ ಎಂದು ಇಟ್ಟುಕೊಂಡರೆ ಅವನು ಗೆದ್ದಾಗ ಬರುವುದು 8, ಸೋತರೆ ಹೋಗುವುದು 24. ಲೆಕ್ಕ ನ್ಯಾಯವಾದದ್ದೇ. ಆದರೆ ಇದನ್ನು ಜಾಲತಾಣದಲ್ಲಿ ಹಾಕಿದ ತಿಂಗಳೊಳಗೆ ನಮ್ಮ ಮೊದಲ ಸ್ಥಾನದವನು ಅಂಗಡಿಗೆ ಬರುವುದನ್ನೇ ನಿಲ್ಲಿಸಿದ. ಎಂಟಕ್ಕೆ ಇಪ್ಪತ್ತನಾಲ್ಕು ಒತ್ತೆ ಇಡುವಷ್ಟು ದಡ್ಡ ಅವನಲ್ಲ. ‘ಕೈ ನೋಯುತ್ತಿದೆ ಅಣ್ಣ’ ಎಂದ. ಮೊಬೈಲ್‌ನಲ್ಲಿ ತನ್ನ ಹೆಸರನ್ನು ನೋಡಿಕೊಳ್ಳಲು ಮಾತ್ರ ಆ ಕೈಗೆ ನೋವಿರಲಿಲ್ಲ.

ಇದಕ್ಕೆ ಮದ್ದು ಸಿಕ್ಕಿದ್ದು ಮಾರ್ಕ್ ಗ್ಲಿಕ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞರು 1995ರಲ್ಲಿ ರೂಪಿಸಿದ ಗ್ಲಿಕೋ ಪದ್ಧತಿಯಲ್ಲಿ. ಅಲ್ಲಿ ಪ್ರತಿಯೊಬ್ಬನಿಗೂ ರೇಟಿಂಗ್ ಜೊತೆಗೆ ಅನುಮಾನದ ಅಳತೆಯೊಂದು ಇರುತ್ತದೆ. ಆಡುತ್ತಿದ್ದರೆ ಅದು ಕುಗ್ಗುತ್ತದೆ, ಆಡದೆ ಕುಳಿತರೆ ಹಿಗ್ಗುತ್ತದೆ. ರೇಟಿಂಗ್‌ನಿಂದ ಆ ಅನುಮಾನದ ಎರಡು ಪಟ್ಟನ್ನು ಕಳೆದು, ಉಳಿದ ಸಂಖ್ಯೆಯ ಮೇಲೆ ಪಟ್ಟಿ ಜೋಡಿಸಿದೆ. ರೇಟಿಂಗ್ 1700, ಅನುಮಾನ 50 ಇದ್ದಾಗ ಪಟ್ಟಿಯಲ್ಲಿ 1600. ಮನೆಯಲ್ಲೇ ಕುಳಿತು ಅನುಮಾನ 100 ಆದರೆ, 1700 ಹಾಗೆಯೇ ಇದ್ದರೂ ಪಟ್ಟಿಯಲ್ಲಿ 1500. ಕೈನೋವು ಬಹಳ ಬೇಗ ವಾಸಿಯಾಯಿತು.

ಆ ಹೊತ್ತಿಗೆ ಭಾಯ್‌ಗೆ ಹೊಸ ಪುಸ್ತಕವನ್ನೂ ಕೊಡಿಸಿದ್ದೆ. ಎಡ, ಬಲ, ಗೆದ್ದವರು ಎಂದು ಮೂರು ಕಾಲಂ. ಅದರಿಂದಲೇ ನಾನು ಮಾಡಿದ ದೊಡ್ಡ ತಪ್ಪು ಹುಟ್ಟಿತು. ಎಡ ಕುರ್ಚಿಯವರೇ ಕಣ್ಣಿಗೆ ಹೊಡೆಯುವಷ್ಟು ಹೆಚ್ಚು ಗೆಲ್ಲುತ್ತಿದ್ದರು. ಬಲಗಡೆಯ ಕಂಟ್ರೋಲರ್ ಕೆಟ್ಟಿದೆ ಎಂದು ಹಟ ಹಿಡಿದೆ. ಟೆಕ್ಕನ್ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡುತ್ತದೆ, ಅತಿ ವೇಗದ ಗುದ್ದಿಗೆ 10 ಫ್ರೇಮ್ ಸಾಕು, ಗುಂಡಿ ಒಂದೆರಡು ಫ್ರೇಮ್ ತಡಮಾಡಿದರೂ ಆಟ ಹೋಯಿತು ಎಂದು ಭಾಷಣ ಮಾಡಿದೆ. ಭಾಯ್ ಹೊಸದನ್ನು ತಂದರು. ಆದರೂ ಎಡಗಡೆಯೇ ಗೆಲ್ಲುತ್ತಿತ್ತು. ಕಾರಣ ಆ ಕುರ್ಚಿಯ ಬೆನ್ನಿಗಿದ್ದ ಕೂಲರ್. ಬೇಸಿಗೆಯ ಬಳ್ಳಾರಿಯಲ್ಲಿ ಮೊದಲು ಬಂದವನು ಅಲ್ಲೇ ಕೂರುತ್ತಾನೆ. ಮೊದಲು ಬರುವವರು ಹಳೆಯ ಹುಲಿಗಳು. ಗೆದ್ದವನು ಏಳಬೇಕಾಗಿಯೂ ಇಲ್ಲ. ಒಬ್ಬನೇ ಆಟಗಾರ ಎಡಕ್ಕೆ ಕೂತಾಗ ಎಷ್ಟು ಗೆದ್ದ, ಬಲಕ್ಕೆ ಕೂತಾಗ ಎಷ್ಟು ಗೆದ್ದ ಎಂದು ಬೇರೆಬೇರೆಯಾಗಿ ನೋಡಿದಾಗ ವ್ಯತ್ಯಾಸ ಆವಿಯಾಯಿತು. ಕಂಟ್ರೋಲರಿನ ದುಡ್ಡಿನಲ್ಲಿ ಅರ್ಧ ನಾನು ಕೊಟ್ಟೆ.

ಪ್ರತಿ ಆಟದ ಸಮಯವನ್ನೂ ಮೊದಲು ತೋರಿಸುತ್ತಿದ್ದೆ. ಟ್ಯೂಷನ್ ಹೊತ್ತಿನಲ್ಲಿ ಮಗ ಎಲ್ಲಿದ್ದ ಎಂಬುದನ್ನು ಒಬ್ಬ ತಂದೆ ಅಲ್ಲಿಂದಲೇ ಕಂಡುಹಿಡಿದರು. ಅಂದಿನಿಂದ ತಾರೀಖು ಮಾತ್ರ. ಟೆಕ್ಕನ್ 8 ಬಂದಾಗ (2024ರ ಜನವರಿ) ಅದಕ್ಕೆ ಬೇರೆ ಪಟ್ಟಿಯನ್ನೇ ತೆರೆದೆ.

ರಾಯಚೂರಿನಿಂದ ನಾಲ್ವರು ಬಂದ ಭಾನುವಾರ ನನ್ನ ಪಟ್ಟಿಯ ಜಂಭ ಇಳಿಯಿತು. ಅವರೂ ತಮ್ಮೂರಿನಲ್ಲಿ ಎಲೋ ಇಟ್ಟಿದ್ದರು, ಅವರಲ್ಲೂ 1650ರವನೊಬ್ಬನಿದ್ದ, ನಮ್ಮಲ್ಲೂ ಇದ್ದ. ನಮ್ಮವನು ಒಂದಾದ ಮೇಲೊಂದು ಆಟ ಸೋತ. ಎಲೋದಲ್ಲಿ ಒಬ್ಬನಿಗೆ ಬಂದಷ್ಟೇ ಇನ್ನೊಬ್ಬನಿಂದ ಹೋಗುತ್ತದೆ, ಗ್ಲಿಕೋದಲ್ಲೂ ಹೆಚ್ಚುಕಡಿಮೆ ಹಾಗೆಯೇ, ಹೀಗಾಗಿ ತಮ್ಮೊಳಗೇ ಆಡಿಕೊಂಡಿರುವ ಊರಿನ ಸರಾಸರಿ, ಆಟ ಎಂಥದ್ದೇ ಇರಲಿ, 1500ರ ಆಸುಪಾಸಿನಲ್ಲೇ ನಿಂತಿರುತ್ತದೆ. ಲಾಹೋರ್‌ನ ಟೆಕ್ಕನ್ ಆಟಗಾರ ಅರ್ಸಲಾನ್ ಆಶ್ 2019ರಲ್ಲಿ ಇಂಥ ಹೊಡೆದಾಟದ ಆಟಗಳ ದೊಡ್ಡ ಪಂದ್ಯಾವಳಿಗಳಾದ ಮೊದಲು ಎವೋ ಜಪಾನ್, ಆಮೇಲೆ ಅಮೆರಿಕದ ಎವೋ ಎರಡನ್ನೂ ಗೆದ್ದಾಗ ಜಗತ್ತು ಬೆಚ್ಚಿದ್ದು ಇದೇ ಕಾರಣಕ್ಕೆ. ಹೊರಗಿನವರು ಅಲ್ಲಿಯವರೊಡನೆ ಆಡಿದ್ದು ತೀರ ಕಡಿಮೆ. ಈಗ ಎರಡೂ ಊರಿನ ಪುಸ್ತಕಗಳನ್ನು ಒಂದು ಮಾಡಿದ್ದೇವೆ. ಆ ಭಾನುವಾರ ಕಳೆದುಕೊಂಡ ಅಂಕಗಳು ನಮ್ಮೂರಿನ ಉಳಿದವರ ಲೆಕ್ಕಕ್ಕೂ ನಿಧಾನವಾಗಿ ಇಳಿಯುತ್ತಿವೆ. ಕೆಲವರು ನನ್ನ ಮೇಲೆ ಮುನಿದಿದ್ದಾರೆ.

ರಾಯಚೂರಿನವರು ಅಂದು ಸೋತದ್ದು ಒಬ್ಬರಿಗೆ ಮಾತ್ರ. ಅಂಗಡಿ ಮುಚ್ಚುವ ಹೊತ್ತಿಗೆ ಭಾಯ್ ತಾವೇ ಕಂಟ್ರೋಲರ್ ಹಿಡಿದು ಆ 1650ರವನನ್ನು ಎರಡು ಸಲ ಏಳಿಸಿದರು. ಪುಸ್ತಕ ಹುಡುಕಿದೆ, ಅವರ ಹೆಸರು ಒಂದು ಸಾಲಿನಲ್ಲೂ ಇರಲಿಲ್ಲ. ಸೋತರೆ ತಮಗೆ ತಾವೇ ದುಡ್ಡು ಕೊಡಬೇಕಿಲ್ಲ, ಗೆದ್ದರೆ ಹುಡುಗರ ಹತ್ತಿರ ತೆಗೆದುಕೊಳ್ಳುವುದಿಲ್ಲ. ಇನ್ನು ಬರೆಯುವುದು ಏನನ್ನು? ಇನ್ನು ಮುಂದಾದರೂ ಬರೆಯೋಣ ಎಂದೆ. ‘ಬೇಡಪ್ಪ, ಆಮೇಲೆ ನನ್ನ ಅಂಗಡಿಗೆ ಯಾರು ಬರುತ್ತಾರೆ’ ಎಂದು ಕೂಲರ್ ಆರಿಸಿ ಷಟರ್ ಎಳೆದರು.